ಹದಿನಾಲ್ಕು ಸೆಕೆಂಡಿನಲ್ಲಿ ರಸ್ತೆ ದಾಟಲು ಒಪ್ಪದ ಹಿರಿಯರ ನಾಟಕದ ಕುರಿತು

ಪಾದಚಾರಿ ಚಲನೆ ಮತ್ತು ನಿಲುಗಡೆ ಇಲಾಖೆ
ಸಂಖ್ಯೆ: ಪಾಚನಿ/ಹಿರಿಯ/೧೪/ಮರುಪರಿಶೀಲನೆಯ ಮರುಪರಿಶೀಲನೆ

ವಿಷಯ: ಆಸ್ಪತ್ರೆ ವೃತ್ತದಲ್ಲಿ ಅರವತ್ತೈದು ಮೀರಿದವರು ಆಡುತ್ತಿರುವ ಸಂಚಾರ ಸುರಕ್ಷತೆಯ ಬೀದಿ ನಾಟಕದಿಂದ ಸಂಚಾರವು ಸುರಕ್ಷಿತವಾಗುತ್ತಿರುವ ಬಗ್ಗೆ ಸೂಕ್ತ ಕ್ರಮ ಜರುಗಿಸುವ ಕುರಿತು.

ಉಲ್ಲೇಖ: ೧) ಸದರಿ ತಂಡದ ಮುಖ್ಯಸ್ಥೆಯ ಹನ್ನೊಂದು ಅರ್ಜಿಗಳು (ಒಂಬತ್ತು ಸಿಗುತ್ತಿಲ್ಲ). ೨) ಪರಿವೀಕ್ಷಕರ ವರದಿ (ಒಂದೇ ಸಾಲು). ೩) ಈ ಕಚೇರಿಯ ದೀರ್ಘ ಮೌನ.

ಪೀಠಿಕೆ:

ನಡೆಯುವವರು, ನಿಲ್ಲುವವರು ಹಾಗೂ ನೋಡುತ್ತಾ ನಿಂತವರು ಇವರೆಲ್ಲರ ಗಮನಕ್ಕೆ ತರುವುದೇನೆಂದರೆ, ಇಲ್ಲಿನ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ದಾದಿಯಾಗಿ ದುಡಿದು ನಿವೃತ್ತರಾದ, ಈಗ ಎಪ್ಪತ್ತೆರಡರ ವಯಸ್ಸಿನ, ಜನರು ‘ಲಾರಿ ಅಜ್ಜಿ’ ಎಂದು ಕರೆಯುವ ಮಹಿಳೆಯ ಅಕ್ಕನವರು ಕಳೆದ ವರ್ಷ ಸದರಿ ವೃತ್ತದಲ್ಲಿ ರಸ್ತೆ ದಾಟುತ್ತಿದ್ದಾಗ, ನಡುರಸ್ತೆಯಲ್ಲಿರುವಾಗಲೇ ಹಸಿರು ದೀಪ ಆರಿ, ಲಾರಿಯೊಂದು ತಗುಲಿ, ಸೊಂಟದ ಮೂಳೆ ಮುರಿದುಕೊಂಡಿರುತ್ತಾರೆ. ದೀಪವು ನಿಯಮದಂತೆ ಹದಿನಾಲ್ಕನೆಯ ಸೆಕೆಂಡಿಗೇ ಆರಿದ್ದು, ದೀಪದ ಕಡೆಯಿಂದ ಯಾವ ಲೋಪವೂ ಕಂಡುಬಂದಿಲ್ಲ. ಅಕ್ಕನವರೇ ತಡಮಾಡಿದ್ದಾರೆ.

ಹಸಿರು ದೀಪ ನಲವತ್ತು ಸೆಕೆಂಡು ಉರಿಯಬೇಕೆಂದು ತಂಗಿಯಾದ ಅಜ್ಜಿಯು ಹನ್ನೊಂದು ಬಾರಿ ಅರ್ಜಿ ಕೊಟ್ಟು, ಹನ್ನೊಂದು ಬಾರಿಯೂ ಕಡತ ಚಲನೆಯಲ್ಲಿದೆ ಎಂಬ ಉತ್ತರ ಪಡೆದಿರುತ್ತಾರೆ. ಕೊನೆಯ ಬಾರಿ ಕಚೇರಿಯ ಕಿಟಕಿಯ ಮುಂದೆ ನಿಂತು, “ಕಡತಕ್ಕೆ ಕಾಲಿದೆ ಅಂತಾಯ್ತು. ನಮ್ಮಕ್ಕನಿಗೆ ಇಲ್ವಲ್ಲ ಸ್ವಾಮಿ” ಎಂದು ನುಡಿದಿದ್ದು, ಇದನ್ನು ಹನ್ನೆರಡನೆಯ ಅರ್ಜಿಯೆಂದು ಪರಿಗಣಿಸಿ ತಿರಸ್ಕರಿಸಲಾಗಿದೆ.

ತದನಂತರ ಇವರು ಒಬ್ಬ ನಿವೃತ್ತ ಅಂಚೆಯಣ್ಣನನ್ನೂ ಒಬ್ಬ ದರ್ಜಿಯನ್ನೂ ಕಟ್ಟಿಕೊಂಡು, ಗ್ರಂಥಾಲಯದ ಹಿಂದೆ ಹಳೆಯ ಪತ್ರಿಕೆಗಳನ್ನು ಪೇರಿಸಿಟ್ಟ ಕೋಣೆಯಲ್ಲಿ, ಪತ್ರಿಕೆಯ ಕಟ್ಟುಗಳನ್ನೇ ರಸ್ತೆಯ ಅಂಚು ಮಾಡಿಕೊಂಡು, ತಿಂಗಳುಗಟ್ಟಲೆ ತಾಲೀಮು ನಡೆಸಿ ವೃತ್ತಕ್ಕೆ ಬಂದಿರುತ್ತಾರೆ. ಕಥೆಯೆಂಬುದು ಏನೂ ಇಲ್ಲ. ಅಂಚೆಯಣ್ಣನು ತನ್ನ ನಿಜವಾದ ನಡಿಗೆಯಲ್ಲಿ ರಸ್ತೆ ದಾಟುತ್ತಾನೆ. ಪಾದಚಾರಿ ಮಾರ್ಗದ ಮೇಲೆ ನೆರೆದ ಜನ ಗಟ್ಟಿಯಾಗಿ ಎಣಿಸುತ್ತಾರೆ. ಹದಿನಾಲ್ಕಕ್ಕೆ ದರ್ಜಿಯು ಹಸಿರು ಬಟ್ಟೆ ಇಳಿಸಿ ಕೆಂಪು ಬಟ್ಟೆ ಎತ್ತುತ್ತಾನೆ. ಆಗ ಅಜ್ಜಿಯು ಸ್ಟೀಲ್ ತಟ್ಟೆಯನ್ನು ಸ್ಟೀರಿಂಗ್‌ನಂತೆ ತಿರುಗಿಸುತ್ತಾ ಲಾರಿಯಾಗಿ ನುಗ್ಗಿ ಬಂದು, ಅಂಚೆಯಣ್ಣನ ಎದೆಗೆ ಗೇಣು ದೂರದಲ್ಲಿ ನಿಂತು, “ನೀ ನಡಿ ಅಣ್ಣಯ್ಯ. ನಾನು ನಿಂತಿದ್ದೀನಿ” ಎನ್ನುತ್ತಾರೆ. ಇಷ್ಟಕ್ಕೇ ಜನ ಕಣ್ಣೊರೆಸಿಕೊಳ್ಳುತ್ತಿರುವುದು ಇಲಾಖೆಗೆ ಅರ್ಥವಾಗಿಲ್ಲ.

ಅರ್ಥಮಾಡಿಕೊಂಡು ಬರಲು ಪರಿವೀಕ್ಷಕರನ್ನು ಕಳುಹಿಸಲಾಯಿತು. ಅಂದು ಅಂಚೆಯಣ್ಣನಿಗೆ ಜ್ವರವಿದ್ದ ಕಾರಣ, ನಲವತ್ತನಾಲ್ಕು ವರ್ಷದ ಸದರಿ ಪರಿವೀಕ್ಷಕರ ಕಾಲುಗಳಿಗೆ ಎರಡು ಮರಳಿನ ಚೀಲ ಕಟ್ಟಿ ಅವರನ್ನೇ ನಡೆಸಲಾಗಿದೆ. ಹದಿನಾಲ್ಕು ಎಣಿಸಿದಾಗ ಅವರು ಅರ್ಧದಾರಿಯನ್ನೂ ಮುಟ್ಟಿರಲಿಲ್ಲ. ಅಜ್ಜಿಯ ಲಾರಿ ಬಂತು. ಅವರು ಕಣ್ಣು ಮುಚ್ಚಿಕೊಂಡರು. ಕಚೇರಿಗೆ ಮರಳಿ, ನಿಗದಿತ ನಮೂನೆಯ ಇಪ್ಪತ್ತಾರು ಕಲಂಗಳನ್ನೂ ಖಾಲಿ ಬಿಟ್ಟು, ಅಡಿಯಲ್ಲಿ “ಅಮ್ಮ ನೆನಪಾದರು” ಎಂದಷ್ಟೇ ಬರೆದಿರುತ್ತಾರೆ. ಅವರನ್ನು ಮರ ಎಣಿಸುವ ವಿಭಾಗಕ್ಕೆ ವರ್ಗಾಯಿಸಲಾಗಿದೆ.

ಈ ಎಲ್ಲವನ್ನೂ ಕೂಲಂಕಷವಾಗಿ ನೋಡದೆ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ನಾಟಕದಲ್ಲಿ ರಸ್ತೆ ದಾಟುವ ಪಾತ್ರಧಾರಿಯು ಹದಿನಾಲ್ಕು ಸೆಕೆಂಡಿನೊಳಗೆ ದಾಟತಕ್ಕದ್ದು. ಸಾಧ್ಯವಾಗದಿದ್ದಲ್ಲಿ ಪಾತ್ರದ ವಯಸ್ಸನ್ನು ಸಾಧ್ಯವಾಗುವವರೆಗೆ ಇಳಿಸತಕ್ಕದ್ದು.

೨. ಒಂದರಿಂದ ಹದಿನಾಲ್ಕರವರೆಗಿನ ಅಂಕಿಗಳು ಸದರಿ ವೃತ್ತದ ಮಟ್ಟಿಗೆ ಇಲಾಖೆಯ ಸ್ವತ್ತಾಗಿದ್ದು, ಪ್ರೇಕ್ಷಕರು ಮನಸ್ಸಿನಲ್ಲೇ ಎಣಿಸತಕ್ಕದ್ದು. ತುಟಿ ಅಲುಗಿದಲ್ಲಿ ಎಣಿಕೆಯೆಂದೇ ಭಾವಿಸಲಾಗುವುದು.

೩. ಲಾರಿಯ ಪಾತ್ರಕ್ಕೆ ಮಂಡಿನೋವು ಇರುವುದು ರುಜುವಾತಾಗಿದೆ. ಮಂಡಿನೋವುಳ್ಳ ಲಾರಿಗೆ ಅರ್ಹತಾ ಪತ್ರ ನೀಡಲು ಅವಕಾಶವಿಲ್ಲ. ಅಲ್ಲದೆ, ಪ್ರತಿ ಪ್ರದರ್ಶನದಲ್ಲೂ ನಿಲ್ಲುವ ಘಳಿಗೆಗೆ ಲಾರಿಯ ಕಣ್ಣಲ್ಲಿ ನೀರು ಬರುತ್ತಿದ್ದು, ವಾಹನದಿಂದ ದ್ರವ ಸೋರಿಕೆ ದಂಡಾರ್ಹ. ಇದು ಅಭಿನಯವಲ್ಲ, ಆ ಜಾಗಕ್ಕೆ ಬಂದಾಗ ತಾನಾಗಿಯೇ ಬರುತ್ತದೆ ಎಂದು ಅಜ್ಜಿಯು ಹೇಳಿಕೆ ನೀಡಿದ್ದಾರೆ. ಅಂದರೆ ದುರಸ್ತಿಯೂ ಸಾಧ್ಯವಿಲ್ಲವೆಂದಾಯಿತು.

೪. ಹಿರಿಯರ ಅಹವಾಲನ್ನು ಸಹಾನುಭೂತಿಯಿಂದ ಪರಿಗಣಿಸಿ, ಹದಿನಾರು ಮೀಟರ್ ಇದ್ದ ರಸ್ತೆಯ ಅಗಲವನ್ನು ಕಡತದಲ್ಲಿ ಆರು ಮೀಟರ್‌ಗೆ ಇಳಿಸಲಾಗಿದೆ. ಸಾರ್ವಜನಿಕರು ಇನ್ನು ಮುಂದೆ ಕಡತದಲ್ಲಿರುವ ರಸ್ತೆಯನ್ನೇ ದಾಟತಕ್ಕದ್ದು.

೫. ನಿಧಾನವಾಗಿ ನಡೆಯುವವರು ಮನೆಯಿಂದಲೇ ವೇಗ ಗಳಿಸಿಕೊಂಡು ಬರತಕ್ಕದ್ದು.

೬. ಕಳೆದ ಸೋಮವಾರದ ಪ್ರಕರಣವನ್ನು ಇಲಾಖೆಯು ಅತ್ಯಂತ ಗಂಭೀರವಾಗಿ ಪರಿಗಣಿಸಿದೆ. ಅಂದು ನಾಟಕ ಇರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಅಕ್ಕನವರು ಅಪಘಾತದ ನಂತರ ಮೊದಲ ಬಾರಿಗೆ, ನಾಲ್ಕು ಕಾಲಿನ ಊರುಗೋಲು ಹಿಡಿದು, ಆಸ್ಪತ್ರೆಗೆ ತೋರಿಸಿಕೊಳ್ಳಲು ಹೊರಟಿದ್ದರು. ಗಾಲಿ ಕುರ್ಚಿ ತರುತ್ತೇನೆಂದ ತಂಗಿಗೆ, “ತಳ್ಳಿಸ್ಕೊಂಡು ದಾಟೋಕೆ ನಾನೇನು ತರಕಾರಿ ಗಾಡಿನಾ? ನಡೀತೀನಿ ಬಿಡೇ” ಎಂದಿರುತ್ತಾರೆ. ಹದಿನಾಲ್ಕನೆಯ ಸೆಕೆಂಡಿಗೆ ಅವರು ರಸ್ತೆಯ ಮೂರನೇ ಒಂದು ಭಾಗವನ್ನೂ ಕ್ರಮಿಸಿರಲಿಲ್ಲ. ದೀಪ ಆರಿತು. ಅಕ್ಕನವರು ನಿಂತುಬಿಟ್ಟರು. ಮುಂದಿನ ಸಾಲಿನಲ್ಲಿ ಇದ್ದದ್ದು ಲಾರಿ. ತಂಗಿಯು ಲಾರಿಗೂ ಅಕ್ಕನಿಗೂ ನಡುವೆ ಬಂದು ನಿಂತರು. ಕೈಯಲ್ಲಿ ತಟ್ಟೆ ಇರಲಿಲ್ಲ ಎಂದು ಕಂಡವರು ತಿಳಿಸಿದ್ದಾರೆ.

ಲಾರಿ ಚಾಲಕನು ಎಂಜಿನ್ ಆರಿಸಿದನು. ಹಿಂದಿನ ಬಸ್ಸೂ ಆರಿಸಿತು. ಪಾದಚಾರಿ ಮಾರ್ಗದಿಂದ ಯಾರೋ “ಹದಿನೈದು” ಎಂದರು. ಆಮೇಲೆ ವೃತ್ತಕ್ಕೆ ವೃತ್ತವೇ ಎಣಿಸಿತು. “ನಡಿ ಅಕ್ಕ, ಅವ್ರೆಲ್ಲ ನಿಂತಿದ್ದಾರೆ” ಎಂದು ತಂಗಿಯು ಹೇಳಿದ ಮೇಲೆ ಅಕ್ಕನವರು ಮತ್ತೆ ಹೆಜ್ಜೆ ಎತ್ತಿ, ಐವತ್ತೆರಡಕ್ಕೆ ಆಚೆ ಬದಿ ಮುಟ್ಟಿರುತ್ತಾರೆ. ಇದು ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹನ್ನೆರಡು ಸೆಕೆಂಡು ಹೆಚ್ಚು. ಒಂದು ಹಾರನ್ ಸಹ ಕೇಳಿಬಂದಿಲ್ಲ. ಕಾರಣ ಕೇಳಿ ನೋಟಿಸ್ ನೀಡಲಾಗಿ, ಚಾಲಕನು, “ನಾಟಕ ಮೂರು ಸಲ ನೋಡಿದ್ದೆ ಸಾರ್. ಅಜ್ಜಿಗಿಂತ ನಾನು ಕೆಟ್ಟ ಲಾರಿ ಆಗ್ಬಾರ್ದಲ್ಲ” ಎಂದು ಲಿಖಿತ ಉತ್ತರ ನೀಡಿದ್ದಾನೆ. ಉತ್ತರ ತೃಪ್ತಿಕರವಾಗಿಲ್ಲ.

೭. ಹೀಗೆ ದೀಪದ ಅಪ್ಪಣೆಯಿಲ್ಲದೆ ಮನುಷ್ಯರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳತೊಡಗಿದರೆ ಇಲಾಖೆಯಿಂದ ಆಗುವ ಕೆಲಸವೇನು ಎಂಬ ಪ್ರಶ್ನೆ ಉದ್ಭವಿಸುವುದರಿಂದ, ಅದು ಉದ್ಭವಿಸುವುದನ್ನು ನಿಷೇಧಿಸಲಾಗಿದೆ. ಕರುಣೆ ತೋರಲಿಚ್ಛಿಸುವ ಚಾಲಕರು ವಾಹನವನ್ನು ನಿಗದಿತ ಜಾಗದಲ್ಲಿ ನಿಲ್ಲಿಸಿ, ಇಳಿದು, ಕಚೇರಿ ವೇಳೆಯಲ್ಲಿ ತೋರತಕ್ಕದ್ದು.

೮. ಈ ಸುತ್ತೋಲೆಯು ನಿರ್ದೇಶಕರ ಸಹಿಯಾದ ಕ್ಷಣದಿಂದ ಜಾರಿಗೆ ಬರತಕ್ಕದ್ದು.

(ಸಹಿ ಬಾಕಿ)
ನಿರ್ದೇಶಕರು
ಪಾದಚಾರಿ ಚಲನೆ ಮತ್ತು ನಿಲುಗಡೆ ಇಲಾಖೆ

ಪ್ರತಿಗಳು:
೧. ಲಾರಿ ಅಜ್ಜಿಯವರಿಗೆ, ಮುದ್ದಾಂ ಮೂಲಕ. ತೆಗೆದುಕೊಂಡು ಹೋದ ಜವಾನರು ನಾಟಕ ನೋಡಿಕೊಂಡು ಬರುವುದಾಗಿ ಹೇಳಿ ಕಳುಹಿಸಿದ್ದಾರೆ.
೨. ದೀಪಕ್ಕೆ, ಪ್ರಶಂಸಾ ಪತ್ರದೊಂದಿಗೆ.
೩. ಮರ ಎಣಿಸುವ ವಿಭಾಗಕ್ಕೆ, ಎಚ್ಚರಿಕೆಗಾಗಿ.
೪. ಮಾನ್ಯ ನಿರ್ದೇಶಕರಿಗೆ, ಸಹಿಗಾಗಿ. ಅವರ ಕಾರು ಈಗ ಆಸ್ಪತ್ರೆ ವೃತ್ತದಲ್ಲಿ ನಿಂತಿದ್ದು, ಯಾರೋ ವಯಸ್ಸಾದವರು ದಾಟುತ್ತಿದ್ದಾರೆಂದು ಅವರ ಚಾಲಕನೇ ಎಂಜಿನ್ ಆರಿಸಿರುವುದಾಗಿ ತಿಳಿದುಬಂದಿದೆ.