ಗುಡ್ಡ ನೋಡುವ ಭಾನುವಾರ

ಎಲ್ಲ ಅನಾಹುತಕ್ಕೂ ಕಾರಣ ಒಂದು ಥರ್ಮಾಸು. ಧಮ್ಮಪಾಲ ಅದನ್ನು ಎದುರು ಮನೆಯ ಮಹಮೂದಾ ಬೇಗಂ ಹತ್ತಿರ ಕೇಳದಿದ್ದರೆ ಅವನ ಭಾನುವಾರ ನೆಟ್ಟಗೆ ಕಳೆಯುತ್ತಿತ್ತು.

ಬೀದರಿನ ಚಿದ್ರಿಯಲ್ಲಿ ಬಾಡಿಗೆಗಿದ್ದ ಈ ಗುಮಾಸ್ತ, ಮದುವೆಯಾದ ಮೂರು ವರ್ಷದಿಂದಲೂ ಹೆಂಡತಿ ಮಹಾಮಾಯಾಳಿಗೆ ಹೊನ್ನಿಕೇರಿ ಗುಡ್ಡ ತೋರಿಸುತ್ತೇನೆಂದು ಹೇಳುತ್ತಲೇ ಬಂದಿದ್ದ. "ಈ ಐತಾರ ಗುಡ್ಡ ಕಾಣಲಿಲ್ಲಂದ್ರ ಇನ್ನ ನಿಮ್ಮ ಮಾತ ನಂಬೂದಿಲ್ರಿ," ಎಂದು ಅವಳು ಈ ಸಲ ಶಾಂತವಾಗಿಯೇ ಹೇಳಿದ್ದಳು. ಆ ಶಾಂತಿಗೇ ಅವನು ಹೆದರಿದ್ದು. ಕಚೇರಿಯ ಹಾಳೆಗೆ ಗೆರೆ ಎಳೆದು, ಯಾವಾಗ ಹೊರಡುವುದು, ಎಲ್ಲಿ ಬುತ್ತಿ ಬಿಚ್ಚುವುದು ಎಂದೆಲ್ಲ ಬರೆದು ಗೋಡೆಗೆ ಅಂಟಿಸಿದ್ದ.

"ಮುಂಜಾನಿ ಮುಂಜಾನಿ ಥರ್ಮಾಸ್ ತಗೊಂಡು ಎಲ್ಲಿಗಿ ಹೊಂಟಿ ಬೇಟಾ?" ಬೇಗಂ ಕೇಳಿದರು.

ಹೆಂಡತಿಯ ಜೊತೆ ಸುಮ್ಮನೆ ಗುಡ್ಡ ನೋಡಲು ಎನ್ನಲು ಧಮ್ಮಪಾಲನಿಗೆ ನಾಚಿಕೆ. ಆ ಓಣಿಯ ಜನ ಮದುವೆಗೆ ಹೋಗುತ್ತಿದ್ದರು, ದವಾಖಾನೆಗೆ ಹೋಗುತ್ತಿದ್ದರು. ಗುಡ್ಡಕ್ಕೆ ಹೋಗುತ್ತಿದ್ದದ್ದು ಕುರಿಗಳು ಮಾತ್ರ.

"ಭಾಲ್ಕಿಗಿ ಖಾಲಾ, ಸ್ವಲ್ಪ ಕೆಲಸ ಅದ," ಎಂದುಬಿಟ್ಟ.

"ಭಾಲ್ಕಿಯೊಳಗ ನನ್ನ ಮಗಳು ಕುಬರಾ ಅದಾಳಲ್ಲ. ಐತಾರ ಬಂತಂದ್ರ ನಾನೇ ಓಡಬೇಕಾಗ್ತದ. ಇವತ್ತ ನೀನೇ ಮುಟ್ಟಿಸು." ಥರ್ಮಾಸಿನ ಹಿಂದೆಯೇ ನಿಂಬೆ ಉಪ್ಪಿನಕಾಯಿಯ ದೊಡ್ಡ ಡಬ್ಬಿಯೂ ಹೊರಬಂತು.

ಮೆಟ್ಟಿಲ ಹತ್ತಿರ ಮಾಳಿಗೆಮನೆಯ ವೈಜಿನಾಥ ಕಾಕಾ ಅಡ್ಡ ಬಂದರು. "ಭಾಲ್ಕಿಗಿ ಹೊಂಟೀಯೇನೋ?"

ಇನ್ನೊಂದು ಗಂಟು ತಪ್ಪಿಸಲು ಧಮ್ಮಪಾಲ, "ಇಲ್ರಿ ಕಾಕಾ, ಔರಾದಕ್ಕ," ಅಂದ. ಕಾಕಾನ ಮುಖ ಅರಳಿತು. ಔರಾದದಲ್ಲಿ ಅವರ ತಂಗಿ ಚಂದ್ರಭಾಗಾಬಾಯಿ ಇದ್ದಳು. ಅವಳಿಗೆ ಹೊದೆಯಲೆಂದು ಹೊಲಿಸಿದ ಎರಡು ಕೌದಿ ಎರಡು ತಿಂಗಳಿಂದ ಹೊರುವವರ ದಾರಿ ಕಾಯುತ್ತಿದ್ದವು. ಈಗ ಎರಡೂ ಊರು ಅವನ ತಲೆಗೆ ಬಿದ್ದವು.

ಮಹಾಮಾಯಾ ಡಬ್ಬಿ ನೋಡಿದಳು, ಕೌದಿ ನೋಡಿದಳು. "ಇವನ್ನ ತೊಡಿ ಮ್ಯಾಲ ಇಟ್ಕೊಂಡು ನಾ ಬರೂದಿಲ್ರಿ. ನೀವೇ ಮುಟ್ಟಿಸಿ ಬರ್ರಿ. ಎರಡಕ್ಕ ತಯಾರಾಗಿ ಕೂಡ್ತೇನಿ."

ಧಮ್ಮಪಾಲ ಹಾಳೆ ತಿದ್ದಿದ. ಭಾಲ್ಕಿ ಒಂಬತ್ತು, ಔರಾದ ಹನ್ನೊಂದು, ಮನೆ ಎರಡು, ಗುಡ್ಡ ಮೂರು.

ತುಂಬಿ ಬಂದ ಡಬ್ಬಿಯನ್ನು ಆ ಕಡೆ ಯಾರೂ ಖಾಲಿ ಮರಳಿಸುವುದಿಲ್ಲ ಎಂಬುದನ್ನು ಮಾತ್ರ ಹಾಳೆ ಲೆಕ್ಕಕ್ಕೆ ಹಿಡಿದಿರಲಿಲ್ಲ. "ಅಮ್ಮಿ ಡಬ್ಬಿ ಖಾಲಿ ಹ್ಯಾಂಗ ಕಳಸ್ಲಿ, ಭಾಯ್?" ಎಂದು ಕುಬರಾ ಗಜ್ಜರಿ ಹಲ್ವಾ ಮಾಡಲು ಕೂತಳು. ಬೇಗ ಮುಗಿಯಲೆಂದು ಅವನೂ ಗಜ್ಜರಿ ತುರಿದುಕೊಟ್ಟ. ಡಬ್ಬಿ ತುಂಬಿ ಉಳಿದ ಹಲ್ವಾವನ್ನು ಅವಳು ತನ್ನದೊಂದು ಸ್ಟೀಲ್ ಡಬ್ಬಿಗೆ ಹಾಕಿಕೊಟ್ಟಳು.

ಔರಾದ ಮುಟ್ಟುವಾಗಲೇ ಒಂದೂವರೆ. ಚಂದ್ರಭಾಗಾಬಾಯಿ ರೊಟ್ಟಿ ಬಡಿಯುತ್ತಿರುವಾಗ ಮಹಾಮಾಯಾಳ ಫೋನು ಬಂತು. "ಬಸ್ಸಿನಾಗ ಅದೀನಿ, ಬಂದೇಬಿಟ್ಟೆ," ಅಂದ. "ಆಯ್ತ್ರಿ," ಅಂದಳು ಅವಳು, ಶಾಂತವಾಗಿ.

ಅವನು ಬಸ್ಸು ಹತ್ತಿದ್ದು ನಾಲ್ಕಕ್ಕೆ. ಎರಡು ಕೈಗೆ ಎರಡು ಡಬ್ಬಿ, ತಲೆಯ ಮೇಲೆ ಚಂದ್ರಭಾಗಾಬಾಯಿ ಅಣ್ಣನಿಗೆಂದು ಹೊರಿಸಿದ ಹಸಿ ಕಡಲೆಯ ಬುಟ್ಟಿ. ಕಂಡಕ್ಟರ್ ಟಿಕೆಟನ್ನು ಅವನ ಬಾಯಿಗೇ ಕೊಟ್ಟ.

ಮನೆಗೆ ಕೀಲಿ ಹಾಕಿತ್ತು. ಹೆಂಡತಿ ತವರಿಗೆ ಹೋದಳೇ ಎಂದು ಹೆದರಿ ಅವನು ಬುಟ್ಟಿಯ ಪಕ್ಕ ಮೆಟ್ಟಿಲ ಮೇಲೇ ಕೂತ. ಹೊತ್ತು ಮುಳುಗುವಾಗ ಒಂದು ಆಟೋ ಬಂದು ನಿಂತಿತು. ಅದರಿಂದ ಬೇಗಂ ಇಳಿದರು, ಕಾಕಾ ಇಳಿದರು, ಕೊನೆಗೆ ಥರ್ಮಾಸು ಹಿಡಿದುಕೊಂಡು ಮಹಾಮಾಯಾ ಇಳಿದಳು.

"ಎಲ್ಲಿಗಿ ಹೋಗಿದ್ರಿ?"

"ಗುಡ್ಡಕ್ಕ ಬೇಟಾ," ಅಂದರು ಬೇಗಂ. "ನಮ್ಮ ಸಾಮಾನೆಲ್ಲ ನೀ ಒಯ್ದಿ. ಎಷ್ಟೋ ವರ್ಷಕ್ಕ ಐತಾರ ಖಾಲಿ ಸಿಕ್ತು. ಇಕಿ ಒಬ್ಬಾಕೀನೇ ಹೊಸ ಸೀರಿ ಉಟ್ಕೊಂಡು ಕೂತಿದ್ಲು, ಕರಕೊಂಡು ಹೋದ್ವಿ."

"ನಿಮ್ಮ ಮಾತ ಖರೇ ಅದ ನೋಡ್ರಿ, ಗುಡ್ಡ ಭಾಳ ಚಂದ ಅದ," ಎಂದಳು ಮಹಾಮಾಯಾ. ಮೂರು ವರ್ಷದಲ್ಲಿ ಅವಳು ಇಷ್ಟು ನಕ್ಕಿದ್ದನ್ನು ಅವನು ಕಂಡಿರಲಿಲ್ಲ. ಬುತ್ತಿಯಲ್ಲಿ ಒಂದು ತುತ್ತೂ ಉಳಿದಿರಲಿಲ್ಲ.

ಬೇಗಂ ಹಲ್ವಾ ರುಚಿ ನೋಡುತ್ತ ಸ್ಟೀಲ್ ಡಬ್ಬಿಯನ್ನು ತಿರುಗಿಸಿ ನೋಡಿದರು. "ಇದು ಕುಬರಾಂದು. ಇದನ್ನ ಖಾಲಿ ಹ್ಯಾಂಗ ಕಳಸೂದು?" ಕಾಕಾ ತಂಗಿಯ ಬುಟ್ಟಿಯ ಕಡೆ ನೋಡಿದರು. ಆಮೇಲೆ ಇಬ್ಬರೂ ಧಮ್ಮಪಾಲನ ಕಡೆ ನೋಡಿದರು.

ಒಳಗೆ ಮಹಾಮಾಯಾ ಗೋಡೆಯ ಹಾಳೆ ಕಿತ್ತು, ಹಿಂಬದಿಗೆ ನೀಟಾಗಿ ಗೆರೆ ಎಳೆದು ಬರೆಯುತ್ತಿದ್ದಳು. ಮುಂದಿನ ಐತಾರ ಏಳೂವರೆಗೆ ನಮ್ಮವರು, ಭಾಲ್ಕಿ ಬಸ್ಸು. ಒಂಬತ್ತಕ್ಕೆ ನಾವು ಮೂವರು, ಗುಡ್ಡದ ಆಚೆ ಬದಿ.