ನಮ್ಮ ಪಡಸಾಲೆಯ ಹಾಡಿನ ಡಬ್ಬಿ

ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತರೆ ಯಾವ ಫಜೀತಿಯೂ ಬರುವುದಿಲ್ಲ ಎಂದು ನಾನು ನಂಬಿದ್ದೆ. ನಮ್ಮ ಮನೆಯಲ್ಲಿ ಫಜೀತಿಗಳು ಮೂಲೆಯನ್ನೇ ಹುಡುಕಿಕೊಂಡು ಬರುತ್ತವೆ.

ಓದಿದಾಕಿ

ಹುಮನಾಬಾದಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದು. ಬಸವಕಲ್ಯಾಣದ ಕಾಕಾ ಹೈದರಾಬಾದಿನಿಂದ ಒಂದು ಕರಿ ಡಬ್ಬಿ ತಂದುಕೊಟ್ಟರು. ಒಳಕೋಣೆಯ ಕಂಪ್ಯೂಟರಿನಲ್ಲಿರುವ ಹಾಡನ್ನು ತಂತಿಯಿಲ್ಲದೆ ಎಳೆದುಕೊಂಡು ಪಡಸಾಲೆಯಲ್ಲಿ ಹಾಡುವ ಡಬ್ಬಿ.

"ಇದನ್ನ ಜೋಡಿಸೋರು ಯಾರು?" ಅಪ್ಪ ಕೇಳಿದರು.

"ಇಂಗ್ಲಿಷ್ ಮೀಡಿಯಮ್ ಓದಿದಾಕಿ ಕುಂತಾಳಲ್ಲ!" ಅಂದರು ಕಾಕಾ.

ಜೊತೆಗಿದ್ದ ಪುಸ್ತಕ ಬಿಚ್ಚಿದೆ. ಜರ್ಮನ್ ಇತ್ತು, ಫ್ರೆಂಚ್ ಇತ್ತು, ಚೀನೀ ಇತ್ತು. ಇಂಗ್ಲಿಷ್ ಮಾತ್ರ ಇರಲಿಲ್ಲ. ಹೇಳಲು ನಾಚಿಕೆ. ಸುಮ್ಮನೆ ಚಿತ್ರ ನೋಡಿ ನೋಡಿ ಜೋಡಿಸಿದೆ. ಡಬ್ಬಿ ಹಾಡಿಯೇಬಿಟ್ಟಿತು.

"ನೋಡ್ರಿ, ಇಂಗ್ಲಿಷಿನ ತಾಕತ್ತು!" ಅಂದರು ಕಾಕಾ.

ಹಣೆ

ಮರುದಿನ ರಿಮೋಟ್ ಒತ್ತಿದರೆ ಡಬ್ಬಿ ಮಿಸುಕಲಿಲ್ಲ. ರಿಮೋಟಿನ ಸೆಲ್ ತಿರುವಿ ಹಾಕಿದೆ. ಇಂಟರ್ನೆಟ್ ಆರಿಸಿ ಹಚ್ಚಿದೆ. ಪಾಸ್‌ವರ್ಡನ್ನು ಮೂರು ಸಲ ಹೊಸದಾಗಿ ಬರೆದೆ. ಆಯಿ, ಅಂದರೆ ಅಪ್ಪನ ತಾಯಿ, ಜಪಸರ ಹಿಡಿದು ಎಲ್ಲ ನೋಡುತ್ತ ಕೂತಿದ್ದಳು. ಕಡೆಗೆ ಡಬ್ಬಿಯ ಮುಖಕ್ಕೆ ಮುಖ ಹಚ್ಚಿ ನೋಡಿದೆ. ರಿಮೋಟಿನ ಬೆಳಕು ಹೊಗುವ ಸಣ್ಣ ಕಿಂಡಿಯ ಮೇಲೆ ಬೆರಳಗಲದ ಕುಂಕುಮ!

"ಆಯಿ, ಇಲ್ಲೇ ಯಾಕ ಹಚ್ಚಿದಿ?"

"ಹೊಸಾದು ಮನಿಗಿ ಬಂದದ, ಕುಂಕುಮ ಹಚ್ಚಬ್ಯಾಡೇನು? ಹಣಿ ಎಲ್ಲಿ ಅದ ಅಂತ ಕನ್ನಡಕ ಹಾಕ್ಕೊಂಡು ಹುಡುಕಿ ಹಚ್ಚೀನಿ."

ಗುರುವಾರ

ಗುರುವಾರ ಸಂಜೆ ನಮ್ಮಲ್ಲಿ ಭಜನೆ. ಮೊದಲ ಪದ ಮನೆಮಗಳು ಹಾಡಬೇಕು. ಅಕ್ಕ ಮದುವೆಯಾಗಿ ಚಿಟಗುಪ್ಪಕ್ಕೆ ಹೋದಮೇಲೆ ಪಾಳಿ ನನಗೆ ಬಂತು. ಹತ್ತು ಜನರ ಮುಂದೆ ಹಾಡುವುದಕ್ಕಿಂತ ಹತ್ತು ಕೊಡ ನೀರು ಹೊರುವುದು ನನಗೆ ಸಲೀಸು. ಹಾಗಾಗಿ ಒಳಕೋಣೆಯ ಬಾಗಿಲು ಹಾಕಿಕೊಂಡು ಪದವನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟೆ.

"ಮಗಳ ಧ್ವನಿ ಆದ್ರ ಆತಲ್ಲ, ಆಯಿ?"

"ಆತೇಳು. ಆದ್ರ ಪದ ನಡುವ ನಿಂದ್ರಬಾರದು ನೋಡು."

ಜನ ಸೇರಿದರು, ಕಾಕಾನೂ ಬಂದಿದ್ದರು. ಅಡುಗೆಮನೆಯ ಬಾಗಿಲ ಮರೆಯಿಂದ ರಿಮೋಟ್ ಒತ್ತಿದೆ. ಡಬ್ಬಿ ಹಾಡಿತು, ತಾಳ ಕೂಡಿತು, ನನ್ನ ಜೀವ ತಣ್ಣಗಾಯಿತು. ಎರಡನೇ ನುಡಿಯಲ್ಲಿ ಡಬ್ಬಿಯೊಳಗಿಂದ ಕುಕ್ಕರ್ ಸೀಟಿ ಹೊಡೆಯಿತು. ಹಿಂದೆಯೇ ನನ್ನದೇ ಧ್ವನಿ: "ಅವ್ವಾ, ಬ್ಯಾಳಿ ತಳ ಹಿಡಿಯಾಕತ್ತದ!"

ಅವ್ವ ತಾಳ ಬಿಸುಟು ಅಡುಗೆಮನೆಗೆ ಓಡಿಬಂದಳು. ಒಲೆ ತಣ್ಣಗಿತ್ತು. ಬೆವರುತ್ತಿದ್ದವಳು ನಾನೊಬ್ಬಳೇ.

ಅಷ್ಟರಲ್ಲಿ ಕರೆಂಟ್ ಹೋಯಿತು. ಡಬ್ಬಿ ಅರ್ಧ ಸಾಲಿಗೇ ನಿಂತಿತು. ತಾಳಗಳು ಮಾತ್ರ ನಿಲ್ಲಲಿಲ್ಲ, ಉಳಿದರ್ಧಕ್ಕೆ ಕಾಯುತ್ತಿದ್ದವು. ಪದ ನಡುವೆ ನಿಂತರೆ ಆಯಿಗೆ ಊಟ ಸೇರುವುದಿಲ್ಲ. ದೇವರ ದೀಪದ ಬೆಳಕು ನಾನಿದ್ದ ಬಾಗಿಲವರೆಗೆ ಬರುತ್ತಿರಲಿಲ್ಲ, ನನ್ನ ಮುಖ ಯಾರಿಗೂ ಕಾಣುವಂತಿರಲಿಲ್ಲ. ಬಾಯಿ ತಾನಾಗಿ ತೆರೆಯಿತು. ಕೊನೆಯ ನುಡಿಯವರೆಗೂ ಹಾಡಿಬಿಟ್ಟೆ.

ತಾಳಗಳು ನಿಂತವು. ಆಮೇಲೆ ಎದುರುಮನೆಯ ಮುದುಕಿ ಕತ್ತಲಲ್ಲೇ ಕಾಕಾನನ್ನು ಕೇಳಿದಳು:

"ಕರೆಂಟ್ ಹೋದ್ರೂ ಹಾಡ್ತದಲ್ಲೋ ಯಪ್ಪಾ! ನಮಗೂ ಒಂದು ತಂದುಕೊಡು. ಕುಕ್ಕರ್ ಇಲ್ಲದ್ದು ನೋಡಿ ತಾ."