ತೂಬಿನ ಬೀಗ ಸಾಹೇಬರಿಗೆ, ಅರ್ಧ ಸ್ವತಂತ್ರರಿಂದ

ಹೇಮಗುಡ್ಡದ ಕೆಳಗಿರುವ ನಮ್ಮೂರ ಕೆರೆಯ ತೂಬಿನ ಮೇಲೆ ಬಿಸಿಲು ಗಾಳಿಯೆನ್ನದೆ ವಿರಾಜಮಾನರಾಗಿರುವ ಘನತೆವೆತ್ತ ಬೀಗ ಸಾಹೇಬರ ಸನ್ನಿಧಿಗೆ ಊರಿನ ಸಮಸ್ತರ ಸಾಷ್ಟಾಂಗ ಸಲಾಮುಗಳು.

ಮಾನ್ಯರೇ,

ಯುಗಾದಿಯ ಮರುದಿನ ಜಾಗೀರಿನ ದೊಡ್ಡ ಸಾಹೇಬರು ನಮ್ಮ ಚಾವಡಿಯಲ್ಲಿ ಕೂತು, ಕೆರೆಯ ಮಟ್ಟಿಗೆ ಈ ಊರು ಇನ್ನು ‘ನೀಮ್ ಖುದ್‌ಮುಖ್ತಾರ್’ ಎಂದು ಉರ್ದುವಿನಲ್ಲಿ ಸಾರಿದರು. ಹಾಗೆಂದರೆ ಅರ್ಧ ಸ್ವತಂತ್ರ ಎಂದು ಕುಲಕರ್ಣಿ ಯಂಕೋಬರಾಯರು ಬಿಡಿಸಿ ಹೇಳಿದಾಗ ನಾವು ಊರಿಗೆಲ್ಲ ಬೆಲ್ಲ ಹಂಚಿದೆವು. ಕೆರೆ ನಮ್ಮದು, ತೂಬಿನ ಹಲಗೆ ನಮ್ಮದು, ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕೆಂಬ ತೀರ್ಮಾನವೂ ನಮ್ಮದೇ, ಸರಕಾರದ್ದೆಂದರೆ ಹಲಗೆಯ ತುದಿಗೆ ಸರಪಳಿ ಬಿಗಿದು ಕೂತ ತಾವೊಬ್ಬರೇ. ತಮ್ಮ ಕೀಲಿಕೈ ಕಚೇರಿಯ ಗುಮಾಸ್ತರ ಜೇಬಿನಲ್ಲಿ, ಗುಮಾಸ್ತರು ಮೈದುನನ ಮದುವೆಗೆಂದು ಹೈದರಾಬಾದಿನಲ್ಲಿ.

ಅಂದಿನಿಂದ ‘ಅರ್ಧ ಸ್ವತಂತ್ರ’ ಎಂಬ ಮಾತು ಊರಲ್ಲಿ ಚೆನ್ನಾಗಿ ಬಳಕೆಗೆ ಬಂದಿದೆ. ಊಟಕ್ಕೆ ಏನು ಬೇಕೆಂದು ಬಯಸುವ ಹಕ್ಕು ಪೂರ್ತಿ ತನ್ನದೆಂದೂ ಸೌಟು ಮಾತ್ರ ಹೆಂಡತಿಯ ಕೈಯಲ್ಲಿದೆಯೆಂದೂ ನೀರುಗಂಟಿ ದ್ಯಾವಪ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಕಾಲುವೆಯ ಕೊನೆಯ ಗದ್ದೆಗೆ ಮೊದಲ ನೀರು ಎಂಬುದು ನಮ್ಮ ಅಜ್ಜಂದಿರ ಕಟ್ಟಳೆ. ಆ ಗದ್ದೆ ದ್ಯಾವಪ್ಪನ ಹೆಂಡತಿ ಹುಲಿಗವ್ವನದು. ಅವಳ ಭತ್ತದ ಸಸಿಗಳು ಹಳದಿಯಾದಾಗ ಪಂಚರೆಲ್ಲ ಸೇರಿ ನೀರು ಬಿಡಲು ಒಮ್ಮತದಿಂದ ತೀರ್ಮಾನಿಸಿದೆವು. ತಾವು ತುಟಿ ಬಿಚ್ಚಲಿಲ್ಲ. ಒಂದು ಜಾವದ ಮಟ್ಟಿಗಾದರೂ ತಾವೂ ಅರ್ಧ ಸ್ವತಂತ್ರರಾಗಿ ಸ್ವಂತ ಬುದ್ಧಿಯಿಂದ ತೆರೆದುಕೊಳ್ಳಬೇಕೆಂದು ಬೇಡಿಕೊಂಡೆವು, ಕುಂಕುಮ ಹಚ್ಚಿದೆವು, ಎಣ್ಣೆಯನ್ನೂ ಎರೆದೆವು. ಕೊನೆಗೆ ಹುಲಿಗವ್ವ ನಮ್ಮ ಕಡೆ ತಿರುಗಿ, “ಮನಿ ನಿಮ್ದು, ಒಲಿ ನಿಮ್ದು, ಬೆಂಕಿ ಅಷ್ಟ ಅವರ ಕಡೆ ಐತಿ ಅಂದ್ರ ಅನ್ನ ಹೆಂಗ ಬೇಯತೈತ್ರಿ?” ಎಂದು ಕೇಳಿದಳು. ನಮಗೆ ನಿಜಕ್ಕೂ ನಾಚಿಕೆಯಾಯಿತು.

ಆದ್ದರಿಂದ ನಿನ್ನೆ ನಮ್ಮ ಪಾಲಿನ ಅರ್ಧವನ್ನು ಬಳಸಿಕೊಂಡೆವು. ಬಡಿಗ ಹನುಮಣ್ಣ ತಮ್ಮ ಮೈ ಮುಟ್ಟದೆ, ಸರಪಳಿಯ ಕೆಳಗೆ, ನಮ್ಮದೇ ಹಲಗೆಯನ್ನು ಗರಗಸದಿಂದ ಕೊಯ್ದು ಮೇಲೆತ್ತಿದ. ನೀರು ಹುಲಿಗವ್ವನ ಗದ್ದೆ ಮುಟ್ಟಿದೆ. ತಾವು ಹಿಡಿದುಕೊಂಡಿರುವ ಗೇಣುದ್ದದ ಮರದ ತುಂಡನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ.

ಇತಿ, ಅರ್ಧ ತಮ್ಮ, ಅರ್ಧ ತನ್ನ ವಿಶ್ವಾಸಿ,
ಊರ ಪಂಚರ ಪರವಾಗಿ ವಿರುಪಣ್ಣ

ತಾ.ಕ.: ವಿಚಾರಣೆಗೆ ದೊಡ್ಡ ಸಾಹೇಬರೇ ಬರುವರೆಂದು ಕೇಳಿದ್ದೇವೆ. ದ್ಯಾವಪ್ಪನ ಮನೆಯಲ್ಲಿ ಅವರ ಊಟಕ್ಕೆ ಕೋಳಿಯೋ ಕುರಿಯೋ ಎಂಬ ತೀರ್ಮಾನ ಸಂಪೂರ್ಣವಾಗಿ ಅವರದೇ. ಅಡುಗೆಮನೆಯ ಕೀಲಿಕೈ ಹುಲಿಗವ್ವನ ಸೊಂಟದಲ್ಲಿದೆ. ನಾಟಿ ಮುಗಿಯುವವರೆಗೆ ಅವಳು ಗದ್ದೆಯಿಂದ ಮೇಲೆ ಬರುವುದಿಲ್ಲ.